ಕೋಡಿ ಬಿದ್ದ ನೀರು ಎಲ್ಲಿಗೆ ಹೋಗಬೇಕು?

2022ರ ಆಗಸ್ಟ್ 30, ಗೌರಿ ಹಬ್ಬ. ಹೆಣ್ಣುಮಕ್ಕಳು ಕೆರೆಗೋ ಬಾವಿಗೋ ಹೋಗಿ, ಗಂಗೆಗೆ ಅರಿಶಿನ ಕುಂಕುಮ ಇಟ್ಟು, ಚೊಂಬಿನಲ್ಲಿ ನೀರು ತುಂಬಿ ಮನೆಗೆ ತರುವ ದಿನ. ಆ ವರ್ಷ ಬೆಂಗಳೂರಿನ ಬೆಳ್ಳಂದೂರು, ಮಾರತ್ತಹಳ್ಳಿ, ಸರ್ಜಾಪುರ ರಸ್ತೆಯ ಕಡೆಯವರು ಅಷ್ಟು ದೂರ ಹೋಗಬೇಕಾಗಲಿಲ್ಲ. ಹಿಂದಿನ ರಾತ್ರಿ ಸುರಿದ ಮಳೆಗೆ ಗಂಗೆಯೇ ಮನೆ ಬಾಗಿಲಿಗೆ ಬಂದಿದ್ದಳು. ಹೊರವರ್ತುಲ ರಸ್ತೆಯಲ್ಲಿ ಕಂಪನಿ ಬಸ್ಸುಗಳು ಐದು ಗಂಟೆಗೂ ಹೆಚ್ಚು ಹೊತ್ತು ನಿಂತಲ್ಲೇ ನಿಂತವು. ಆ ರಸ್ತೆಯ ಕಂಪನಿಗಳ ಒಕ್ಕೂಟ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರಿಗೆ ಪತ್ರ ಬರೆದು, ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತು ಎಂದು ಲೆಕ್ಕ ಒಪ್ಪಿಸಿತು.

ಅದು ಬರೀ ಪೀಠಿಕೆ. ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ಮತ್ತೆ ಮೋಡ ಒಡೆಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬೆಳಗಾಗುವ ಹೊತ್ತಿಗೆ ನಗರದಲ್ಲಿ 131.6 ಮಿಲಿಮೀಟರ್ ಮಳೆ. ಸೋಮವಾರ ಬೆಳಿಗ್ಗೆ ಯಮಲೂರಿನ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಬೀದಿಯಲ್ಲಿ ರಬ್ಬರ್ ದೋಣಿ, ಅದರ ಪಕ್ಕದಲ್ಲೇ ವಿದೇಶಿ ಕಾರುಗಳ ತೇಲುವ ಬೆನ್ನು. ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡ ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರ್ ಟ್ರೈಲರ್ ಹತ್ತಿ ಆಫೀಸಿಗೆ ಹೊರಟರು, ತಲೆಗೆ 50 ರೂಪಾಯಿ. ಆ ಕಡೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ಕಾವೇರಿ ಎತ್ತಿ ಕೊಡುವ ಪಂಪ್‌ಹೌಸಿಗೇ ನೀರು ನುಗ್ಗಿತು. ಸೊಂಟದ ಮಟ್ಟದ ನೀರಿನಲ್ಲಿ ನಿಂತವರ ಮನೆಯ ನಲ್ಲಿಯಲ್ಲಿ ಕುಡಿಯುವ ನೀರಿಲ್ಲ.

ಕಂಡು ಕೇಳರಿಯದ ಮಳೆ ಎಂದು ಎಲ್ಲರೂ ಅಂದರು. ವರ್ಷದ ಒಟ್ಟು ಲೆಕ್ಕಕ್ಕೆ ಆ ಮಾತು ಸಲ್ಲುತ್ತದೆ. 2017ರ 1,696 ಮಿಲಿಮೀಟರಿನ ದಾಖಲೆಯನ್ನು 2022 ಮುರಿದು 1,900 ದಾಟಿತು. ಆ ಒಂದು ರಾತ್ರಿಯ ಲೆಕ್ಕಕ್ಕೆ ಮಾತ್ರ ಸಲ್ಲುವುದಿಲ್ಲ. 2014ರ ಸೆಪ್ಟೆಂಬರ್ 26ರಂದು ಇದೇ ನಗರದಲ್ಲಿ 132.3 ಮಿಲಿಮೀಟರ್ ಸುರಿದಿತ್ತು. 1988ರ ಸೆಪ್ಟೆಂಬರ್ 12ರಂದು 177.6. ಅಂದು ಯಮಲೂರು, ಬೆಳ್ಳಂದೂರು, ವರ್ತೂರು ಇನ್ನೂ ಹಳ್ಳಿಗಳು. ಬಿದ್ದ ನೀರು ಗದ್ದೆ ಬಯಲಿನಲ್ಲಿ ಹರಡಿ, ಕಾಲುವೆ ಹಿಡಿದು, ಕೆರೆ ಸೇರಿ ಮುಂದೆ ಹೋಗಿತ್ತು. ಮಳೆಗಿಂತ ಮಳೆ ಬಿದ್ದ ನೆಲ ಹೆಚ್ಚು ಬದಲಾಗಿತ್ತು.

ಮುಖ್ಯಮಂತ್ರಿಗಳು ಆ ವಾರ ಕೊಟ್ಟ ವಿವರಣೆಯಲ್ಲಿ ಒಂದು ಅಂಕಿ ಇತ್ತು. ಮಹದೇವಪುರ ವಲಯದಲ್ಲಿ 69 ಕೆರೆಗಳಿವೆ, ಹೆಚ್ಚುಕಡಿಮೆ ಎಲ್ಲವೂ ಒಡೆದಿವೆ ಇಲ್ಲವೇ ತುಂಬಿ ಹರಿದಿವೆ ಎಂದರು. ಮಾತು ಸರಿಯೇ. ಆದರೆ ಕೆರೆ ಒಡೆಯುವುದನ್ನೂ ಕೆರೆ ತುಂಬಿ ಹರಿಯುವುದನ್ನೂ ಒಂದೇ ಉಸಿರಿನಲ್ಲಿ ಅನಾಹುತವೆಂದು ಹೇಳುವ ಕಾಲ ಬಂದದ್ದನ್ನು ಗಮನಿಸಬೇಕು. ಕೆರೆ ಒಡೆಯಿತೆಂದರೆ ಊರಿಗೆ ಕೇಡು. ಕೆರೆ ಕೋಡಿ ಬಿತ್ತೆಂದರೆ ಊರಿಗೆ ಹಬ್ಬ. ಬಾಗಿನ ಹೊತ್ತು, ಗಂಗಮ್ಮನಿಗೆ ಕಾಯಿ ಒಡೆದು, ಕೋಡಿಯ ಮೇಲೆ ಹಾಲಿನಂತೆ ಬೀಳುವ ನೀರನ್ನು ಮಕ್ಕಳಿಗೆ ತೋರಿಸಲು ಜನ ಹೋಗುತ್ತಿದ್ದರು. ಕೋಲಾರ, ತುಮಕೂರು ಕಡೆ ಈಗಲೂ ಹೋಗುತ್ತಾರೆ.

ಕೋಡಿ ಎಂದರೇನು ಎಂದು ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೇಳಿದರೆ ಉತ್ತರ ಸಿಗುವುದು ಕಷ್ಟ. ತಪ್ಪು ಅವರದಲ್ಲ, ಆ ಪದ ಕಾಗದಪತ್ರಗಳಿಂದಲೇ ಮಾಯವಾಗಿದೆ. ಕಣಿವೆಗೆ ಅಡ್ಡಲಾಗಿ ಹಾಕಿದ ಮಣ್ಣಿನ ದಿಬ್ಬ ಏರಿ. ಏರಿಯ ತಳದಲ್ಲಿ ನೀರನ್ನು ಬೇಕಾದಷ್ಟು ಬಿಡಲು ಇಟ್ಟ ಕಂಡಿ ತೂಬು. ಏರಿಯ ಒಂದು ತುದಿಯಲ್ಲಿ, ನೆಲ ಗಟ್ಟಿಯಿರುವ ಕಡೆ ಏರಿಗಿಂತ ತಗ್ಗಾಗಿ ಕಲ್ಲು ಹಾಸಿ ಮಾಡಿದ ಹೊರದಾರಿಯೇ ಕೋಡಿ. ಕೆರೆ ತುಂಬಿದ ಮೇಲೆ ಬರುವ ನೀರು ಏರಿಯನ್ನು ಮುಟ್ಟದೆ ಇಲ್ಲಿಂದ ಹೊರಡುತ್ತದೆ, ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಅದು ತುಂಬಿದರೆ ಅದರ ಕೋಡಿ, ಮತ್ತೆ ಕಾಲುವೆ, ಮತ್ತೊಂದು ಕೆರೆ. ನೀರು ಉಕ್ಕುವುದನ್ನು ಯಾರೂ ತಡೆಯಲಾರರು, ಆದರೆ ಎಲ್ಲಿ ಉಕ್ಕಬೇಕು ಎಂಬುದನ್ನು ಮೊದಲೇ ಗೊತ್ತುಮಾಡಬಹುದು. ಈ ಸೀಮೆಯ ಒಡ್ಡರು, ಗೌಡರು, ನೀರುಗಂಟಿಗಳು ಕಂಡುಕೊಂಡ ನೆರೆ ನಿರ್ವಹಣೆ ಇಷ್ಟೇ.

ಈ ಜಾಣ್ಮೆ ಎಷ್ಟು ಹಳೆಯದು ಎಂಬುದಕ್ಕೆ ಸಾಕ್ಷಿ ಹೊರವರ್ತುಲ ರಸ್ತೆಯ ಮಗ್ಗುಲಲ್ಲೇ ಇದೆ. ಅಗರದಲ್ಲಿ ಸಿಕ್ಕ 9ನೇ ಶತಮಾನದ ಗಂಗರ ಕಾಲದ ಶಾಸನ ಇರುಗಮಯ್ಯ ಎಂಬವನ ಹೆಸರು ಹೇಳುತ್ತದೆ. ಆತನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂರನೆಯದೊಂದು ಕೆರೆ ಕಟ್ಟಿಸಿದ. ಎಚ್‌ಎಎಲ್ ಬಳಿಯ ವಿಭೂತಿಪುರದ ಶಾಸನ ಹೊಯ್ಸಳರ ಕೊನೆಗಾಲದ್ದು, 14ನೇ ಶತಮಾನದ ಆರಂಭದ್ದು. ಕಾಡು ಕಡಿದು, ನೆಲ ಹಸನುಮಾಡಿ, ಕೆರೆ ಕಟ್ಟಿ, ಊರು ನೆಲೆಗೊಳಿಸಿದ ಸಂಗತಿ ಅದರಲ್ಲಿದೆ. ಊರಿಗಿಂತ ಮೊದಲು ಕೆರೆ ಬಂತು ಎಂಬುದನ್ನು ಲೇಔಟ್ ಮಾಡುವವರು ಒಮ್ಮೆ ಓದಿಕೊಂಡರೆ ಚೆನ್ನ. ಕೆರೆ ಕಟ್ಟಿದವರಿಗೂ ನೋಡಿಕೊಂಡವರಿಗೂ ಬಿಟ್ಟುಕೊಟ್ಟ ಭೂಮಿಗೆ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಹೆಸರಿದೆ. ದುರಸ್ತಿಯ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಕಲ್ಲಿನಲ್ಲೇ ಉತ್ತರ ಬರೆದಿಟ್ಟಿದ್ದರು.

ಇಷ್ಟು ಕೆರೆ ಯಾಕೆ ಬೇಕಾಯಿತೆಂದರೆ ಬೆಂಗಳೂರಿಗೆ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲೆ ಊರು ಕೂತಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಹುಳಿಮಾವಿನ ನೀರು ಅರಕೆರೆಗೆ, ಅಲ್ಲಿಂದ ಮಡಿವಾಳಕ್ಕೆ, ಮಡಿವಾಳದಿಂದ ಅಗರಕ್ಕೆ, ಅಗರದಿಂದ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ, ಬೆಳ್ಳಂದೂರಿನಿಂದ ವರ್ತೂರಿಗೆ. ಕಸವನಹಳ್ಳಿ, ಕೈಕೊಂಡ್ರಹಳ್ಳಿ, ಸೌಳು ಕೆರೆಗಳ ಸಾಲೂ ಬೆಳ್ಳಂದೂರಿಗೇ ಬಂದು ಸೇರುತ್ತದೆ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಈ ನಾಡಿನ ಕೆರೆ ಸಾಲುಗಳನ್ನು ಕಂಡು, ಹೊಸದೊಂದು ಕೆರೆಗೆ ಜಾಗ ಹುಡುಕಲು ಇನ್ನು ವಿಶೇಷ ಬುದ್ಧಿವಂತಿಕೆಯೇ ಬೇಕು ಎಂಬ ಅರ್ಥದಲ್ಲಿ ಬರೆದಿದ್ದರು.

ಕೆರೆ ಸಾಲಿನ ಗುಟ್ಟು ಇನ್ನೊಂದಿತ್ತು, ಅದನ್ನು ಯಾರೂ ಗುಟ್ಟೆಂದು ಕರೆಯುತ್ತಿರಲಿಲ್ಲ. ಬೇಸಿಗೆಯ ಹೊತ್ತಿಗೆ ಕೆರೆ ಬತ್ತುತ್ತಿತ್ತು. ನೀರುಗಂಟಿ ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಪಾಳಿಯಂತೆ ನೀರು ಹಾಯಿಸುತ್ತ ಹೋದಂತೆ ಕೆರೆ ಬರಿದಾಗುತ್ತಿತ್ತು. ಬತ್ತಿದ ಅಂಗಳದಲ್ಲಿ ರೈತರು ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಮುಂಗಾರು ಬರುವಾಗ ಖಾಲಿ ಬೋಗುಣಿಯೊಂದು ಬಾಯಿ ತೆರೆದು ಕಾದಿರುತ್ತಿತ್ತು. ಈಗ ಅದೇ ಕೆರೆಗಳಿಗೆ ವರ್ಷವಿಡೀ ಒಳಚರಂಡಿ ನೀರೋ ಸಂಸ್ಕರಿಸಿದ ನೀರೋ ಬರುತ್ತದೆ, ಕೆಳಗೆ ಗದ್ದೆ ಇಲ್ಲದ್ದರಿಂದ ಹೊರಗೆ ಬಿಡುವವರಿಲ್ಲ. ಮಳೆಗಾಲಕ್ಕೆ ಮೊದಲೇ ಕೆರೆ ತುಂಬಿ ಕೂತಿರುತ್ತದೆ. ತುಂಬಿದ ಕೊಡಕ್ಕೆ ಮೇಲಿಂದ ನೀರು ಸುರಿದರೆ ಏನಾಗುತ್ತದೋ ಅದೇ ಆಗುತ್ತದೆ. ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಉಗುಳಿ, 2017 ಮತ್ತು 2018ರಲ್ಲಿ ಬೆಂಕಿ ಹೊತ್ತಿಕೊಂಡು ಜಗತ್ತಿನ ಪತ್ರಿಕೆಗಳಲ್ಲಿ ಹೆಸರು ಮಾಡಿತು. ಆ ಬೆಂಕಿಯ ಬೆರಗಿನಲ್ಲಿ, ಈ ಕೆರೆ ಪ್ರವಾಹ ಹಿಡಿಯುವ ಕೆಲಸವನ್ನೂ ಬಿಟ್ಟಿದೆ ಎಂಬ ಸಣ್ಣ ಸುದ್ದಿ ಯಾರಿಗೂ ಕಾಣಲಿಲ್ಲ.

ಈ ಬದಲಾವಣೆ ಒಂದೇ ಸಲಕ್ಕೆ ಆದದ್ದಲ್ಲ. ವೈಟ್‌ಫೀಲ್ಡ್ 1882ರಲ್ಲಿ ಡೇವಿಡ್ ಎಮಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬವರ ಮುಂದಾಳುತನದಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ, ಆಂಗ್ಲೋ-ಇಂಡಿಯನ್ನರು ಹೊಲ ಉಳುತ್ತಾ ಬಾಳಲೆಂದು ಶುರುವಾದ ವಸಾಹತು. ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದ್ದು. ಅದೇ ದಶಕದ ಕೊನೆಯಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಪೀಣ್ಯ ದಿಣ್ಣೆಯ ಮೇಲಿದೆ, ಅಲ್ಲಿನ ನೀರು ಬಹುಪಾಲು ವೃಷಭಾವತಿಯ ಕಡೆ ಜಾರುತ್ತದೆ. ಎಡವಿದ್ದು ಆಮೇಲೆ. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಬಂತು, ಹಿಂದೆಯೇ ಹೊರವರ್ತುಲ ರಸ್ತೆ ಕಣಿವೆಯನ್ನು ಅಡ್ಡಹಾಯ್ದಿತು. ಅದರ ಎರಡೂ ಬದಿಯ ತಗ್ಗು ಗದ್ದೆಗಳ ಬೆಲೆ ಏರಿತು. ಅಗ್ಗಕ್ಕೆ ಸಿಗುತ್ತಿದ್ದ ಆ ನೆಲ ಯಾಕೆ ಅಗ್ಗವಾಗಿತ್ತು ಎಂದು ಯಾರೂ ಕೇಳಲಿಲ್ಲ. ಅದು ಕೋಡಿ ನೀರು ಹರಿಯುತ್ತಿದ್ದ ಜಾಗ.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಎನ್. ಲಕ್ಷ್ಮಣರಾವ್ ಸಮಿತಿ 1986ರಲ್ಲೇ ಕೆರೆಗಳನ್ನು ಒಡೆಯಬೇಡಿ, ಹೂಳೆತ್ತಿ, ಕೊಳಚೆ ಬಿಡಬೇಡಿ ಎಂದು ವರದಿ ಕೊಟ್ಟಿತು. ಸರ್ಕಾರ ಒಪ್ಪಿಕೊಂಡಿತು. ಒಪ್ಪಿಕೊಳ್ಳುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ. 2007ರಲ್ಲಿ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಸೇರಿ ಏಳು ನಗರಸಭೆಗಳೂ ನೂರಕ್ಕೂ ಹೆಚ್ಚು ಹಳ್ಳಿಗಳೂ ನಗರ ಪಾಲಿಕೆಯಾದ ಬಿಬಿಎಂಪಿಯ ಮಡಿಲಿಗೆ ಬಂದಾಗ ಬಡಾವಣೆಗಳು ಆಗಲೇ ಎದ್ದಾಗಿತ್ತು, ಚರಂಡಿ ಮಾತ್ರ ಬರಬೇಕಿತ್ತು. 2021ರಲ್ಲಿ ಸದನಕ್ಕೆ ಬಂದ ಮಹಾಲೇಖಪಾಲರ ವರದಿ ಹಳೆಯ ನಕ್ಷೆಗಳನ್ನು ಹೊಸದರ ಪಕ್ಕ ಇಟ್ಟು ಅಳೆದು ನೋಡಿತು. 20ನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿಲೋಮೀಟರ್ ಇದ್ದ ಕಾಲುವೆಗಳು 2016-17ಕ್ಕೆ 62.84 ಕಿಲೋಮೀಟರಿಗೆ ಇಳಿದಿದ್ದವು. ಪೀಣ್ಯದ ನೀರು ಹೊರುವ ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 111.72. ವರದಿ ಓದಿದವರಿಗೆ ಮರುವರ್ಷದ ಸೆಪ್ಟೆಂಬರ್ ಅಚ್ಚರಿ ತಂದಿರಲಾರದು.

ಕಾನೂನಿನ ದಾರಿಯೂ ನೇರವಾಗಿ ಹೋಗಲಿಲ್ಲ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜವುಗು ನೆಲದ ನಿರ್ಮಾಣಗಳ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆಗಳ ಸುತ್ತ 75 ಮೀಟರ್, ದೊಡ್ಡ ರಾಜಕಾಲುವೆಗಳ ಪಕ್ಕ 50 ಮೀಟರ್ ಬಿಡಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಅಂತರವನ್ನು ರದ್ದುಮಾಡಿ ನಗರ ಯೋಜನೆಯ ಹಳೆಯ ಅಂತರವೇ ಸಾಕೆಂದಿತು. ಅದೇ ವರ್ಷದ ನವೆಂಬರಿನಲ್ಲಿ ಪೀಣ್ಯದಾಚೆಯ ದೊಡ್ಡಬಿದರಕಲ್ಲು ಕೆರೆಯ ಏರಿ ಒಡೆಯಿತು. ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆಯ ಏರಿಯನ್ನು ಯಂತ್ರ ಬಿಟ್ಟು ಅಗೆದದ್ದರಿಂದ ನೂರಾರು ಮನೆಗಳಿಗೆ ನೀರು ನುಗ್ಗಿತು. ಆಕಾಶದಲ್ಲಿ ಮಳೆಯಿಲ್ಲದ ದಿನದ ಪ್ರವಾಹ ಅದು. ನೀರುಗಂಟಿ ಇದ್ದ ಕಾಲದಲ್ಲಿ ಮಳೆಯ ರಾತ್ರಿ ಲಾಂದ್ರ ಹಿಡಿದು ಏರಿಯ ಮೇಲೆ ನಡೆಯುವವನೊಬ್ಬ ಇದ್ದ, ಇಲಿಬಿಲ ಕಂಡರೂ ಊರಿಗೆ ಕೂಗು ಹಾಕುತ್ತಿದ್ದ. ಸುಧಾರಿತ ಆಡಳಿತದಲ್ಲಿ ಅವನ ಹುದ್ದೆ ಯಾವ ಇಲಾಖೆಗೂ ಸೇರಲಿಲ್ಲ.

ಹಾಗೆಂದು ನಗರ ಸುಮ್ಮನೆ ಕೂತಿತ್ತು ಅನ್ನುವಂತಿಲ್ಲ. ಒಂದು ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು. ಬರವನ್ನು ಅಳೆಯಲೆಂದು 1988ರಲ್ಲಿ ಹುಟ್ಟಿದ ಬರ ಉಸ್ತುವಾರಿ ಕೋಶ 2007ರಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಯಲಹಂಕದಲ್ಲಿರುವ ಅದರ ಕೊಠಡಿಗೆ ಪ್ರತಿ ಗ್ರಾಮ ಪಂಚಾಯಿತಿಯ ಮಳೆಮಾಪಕದಿಂದ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರದೀಪ್ ಮುಜುಂದಾರ್ ಅವರ ತಂಡದ ಜೊತೆ ಸೇರಿ ಬೆಂಗಳೂರಿಗೆಂದೇ ನೆರೆಯ ಗಣಿತ ಮಾದರಿ ಮಾಡಿದರು, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕ ಇಟ್ಟರು, 2020ರಲ್ಲಿ ‘ಮೇಘ ಸಂದೇಶ’ ಎಂಬ ಆ್ಯಪ್ ಬಿಟ್ಟರು. ಯಾವ ಬಡಾವಣೆಗೆ ನೀರು ನುಗ್ಗಬಹುದು ಎಂದು ಮೊಬೈಲಿನಲ್ಲೇ ನೋಡಬಹುದು. ಮುನ್ನೆಚ್ಚರಿಕೆ ಬಂದರೆ ಕಾರನ್ನು ಬೇಸ್‌ಮೆಂಟಿನಿಂದ ಮೇಲೆ ತರಬಹುದು, ಅಜ್ಜಿಯನ್ನು ನೆಂಟರ ಮನೆಗೆ ಕಳಿಸಬಹುದು, ಜನರೇಟರ್ ಉಳಿಸಿಕೊಳ್ಳಬಹುದು. ಅಷ್ಟು ಪ್ರಯೋಜನ ದೊಡ್ಡದೇ. ಆದರೆ ನೀರಿಗೆ ದಾರಿ ಬಿಡುವ ಆ್ಯಪ್ ಇನ್ನೂ ಬಂದಿಲ್ಲ.

2022ರ ಸೆಪ್ಟೆಂಬರ್ 12ರಿಂದ ಮಹದೇವಪುರದಲ್ಲಿ ಜೆಸಿಬಿಗಳು ಇಳಿದವು. ತಹಶೀಲ್ದಾರರು ಹಳೆಯ ಗ್ರಾಮನಕ್ಷೆ ಹರಡಿ ಇಲ್ಲಿ ಕಾಲುವೆ ಇತ್ತು ಎಂದರು. ಮನೆಯವರು ಮಂಜೂರಾದ ಪ್ಲಾನು ಹಿಡಿದು, ಕಾಲುವೆ ಇದ್ದರೆ ಅನುಮತಿ ಕೊಟ್ಟವರು ಯಾರು ಎಂದರು. ಇಬ್ಬರ ಕೈಯಲ್ಲೂ ಇದ್ದದ್ದು ಸರ್ಕಾರದ್ದೇ ಮುದ್ರೆ. ಕಾಂಪೌಂಡ್ ಗೋಡೆಗಳು, ಶೆಡ್ಡುಗಳು, ಕೆಲವು ಮನೆಗಳು ಬಿದ್ದವು. ದೊಡ್ಡವು ನಿಂತವು, ನ್ಯಾಯಾಲಯದ ತಡೆಯಾಜ್ಞೆಗಳು ಬಂದವು, ಕೆಲವೇ ವಾರಗಳಲ್ಲಿ ಸದ್ದಡಗಿತು. ಅಲ್ಪಸ್ವಲ್ಪ ಕೆಡವುವುದರಿಂದ ಕಾಲುವೆ ಹುಟ್ಟುವುದಿಲ್ಲ. ಎರಡು ಕೆರೆಯ ನಡುವೆ ಇಪ್ಪತ್ತು ಅಡ್ಡಿಗಳಿದ್ದು ಹತ್ತೊಂಬತ್ತನ್ನು ತೆಗೆದರೂ, ಉಳಿದ ಒಂದರ ಬೆನ್ನಿಗೆ ನೀರು ನಿಲ್ಲುತ್ತದೆ.

ಹೊರಗಿನವರು ಇದೇ ಪಾಠವನ್ನು ದುಬಾರಿಯಾಗಿ ಕಲಿತಿದ್ದಾರೆ. ಸಮುದ್ರಕ್ಕೆ ಗೋಡೆ ಕಟ್ಟಿ ಹೆಸರಾದ ನೆದರ್‌ಲೆಂಡ್ಸ್‌ನಲ್ಲಿ 1995ರ ನದಿ ಪ್ರವಾಹಕ್ಕೆ ಎರಡೂವರೆ ಲಕ್ಷ ಜನ ಮನೆ ಬಿಟ್ಟು ಹೊರಟರು. ಆಮೇಲೆ ಅವರು ಏರಿಗಳನ್ನು ಇನ್ನಷ್ಟು ಎತ್ತರಿಸುವ ಬದಲು ಮೂವತ್ತಕ್ಕೂ ಹೆಚ್ಚು ಕಡೆ ಅವನ್ನು ಹಿಂದಕ್ಕೆ ಸರಿಸಿ, ಹೊಲಗಳನ್ನು ತಗ್ಗಿಸಿ, ನದಿಗೆ ಜಾಗ ಬಿಟ್ಟುಕೊಟ್ಟರು. ಅಗರದ ಸಿರಿಮಯ್ಯನಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ನಮ್ಮಲ್ಲೂ ಸಣ್ಣ ಪ್ರಮಾಣದಲ್ಲಿ ಆದದ್ದುಂಟು. ಸರ್ಜಾಪುರ ರಸ್ತೆಯ 48 ಎಕರೆಯ ಕೈಕೊಂಡ್ರಹಳ್ಳಿ ಕೆರೆ 2000ರ ದಶಕದ ಕೊನೆಗೆ ಕೊಳಚೆ ಮತ್ತು ಕಸದ ಗುಂಡಿಯಾಗಿತ್ತು. ಸುತ್ತಲಿನ ನಿವಾಸಿಗಳು ಬಿಬಿಎಂಪಿಯ ಎಂಜಿನಿಯರುಗಳ ಜೊತೆ ಕೂತು ಯೋಜನೆ ಮಾಡಿದರು. ಕೊಳಚೆಯನ್ನು ಬೇರೆಡೆಗೆ ತಿರುಗಿಸಿದರು, ಹೂಳೆತ್ತಿದರು. 2011ರ ಹೊತ್ತಿಗೆ ಅಲ್ಲಿ ಕೊಕ್ಕರೆ ಬಂದಿತ್ತು. ಒಳ್ಳೆಯ ಕೆಲಸ. ಆದರೂ ಒಂದು ಕೆರೆಯನ್ನು ಎಷ್ಟು ಚಂದ ಮಾಡಿದರೂ ಅದು ಸಾಲಿನ ಒಂದು ಮಣಿ ಮಾತ್ರ. 2022ರಲ್ಲಿ ಅದರ ಕೆಳಗಿನ ಸೌಳು ಕೆರೆ ಉಕ್ಕಿದಾಗ ನೀರು ಬೆಳ್ಳಂದೂರು ಕೆರೆಗೆ ಹೋಗುವ ಬದಲು ಹೊರವರ್ತುಲ ರಸ್ತೆಯ ಇಕೋಸ್ಪೇಸ್ ಟೆಕ್ ಪಾರ್ಕ್ ಮುಂದೆ ನಿಂತಿತು. ಎಷ್ಟೋ ಕೆರೆಗಳ ಪುನಶ್ಚೇತನದಲ್ಲಿ ನಡಿಗೆ ಪಥ, ಗೆಜೆಬೊ, ಬಣ್ಣದ ಬೇಲಿ ಬಂದಿವೆ, ತೂಬು ಮುಚ್ಚಿದೆ. ಗದ್ದೆಯೇ ಇಲ್ಲದ ಮೇಲೆ ತೂಬು ಯಾಕೆ ಎಂದು ಎಂಜಿನಿಯರಿಗೆ ಅನಿಸಿದ್ದು ಸಹಜ. ಮಳೆಗೆ ಮುಂಚೆ ಕೆರೆಯನ್ನು ಎರಡು ಅಡಿ ಇಳಿಸಿ ಜಾಗ ಮಾಡಿಕೊಳ್ಳಲು ತೂಬೇ ಬೇಕು ಎಂಬುದು ಮುಳುಗಿದ ಮೇಲೆ ನೆನಪಾಯಿತು. ಈಗ ಕೆರೆಗಳಿಗೆ ಗೇಟು ಕೂರಿಸುವ ಮಾತು ಸರ್ಕಾರದ ಯೋಜನೆಗಳಲ್ಲಿ ಮತ್ತೆ ಬಂದಿದೆ. 15ನೇ ಹಣಕಾಸು ಆಯೋಗ ಏಳು ಮಹಾನಗರಗಳ ನೆರೆ ತಗ್ಗಿಸಲು 2,500 ಕೋಟಿ ಎತ್ತಿಟ್ಟಿತ್ತು, ಅದರಲ್ಲಿ ಬೆಂಗಳೂರಿನ ಪಾಲು 250 ಕೋಟಿ. ಆಗಸ್ಟ್ 30ರ ಒಂದು ದಿನದ ಟ್ರಾಫಿಕ್ಕಿನಲ್ಲಿ ಕಂಪನಿಗಳು ಕಳೆದುಕೊಂಡೆವು ಎಂದದ್ದಕ್ಕಿಂತ 25 ಕೋಟಿಯಷ್ಟೇ ಹೆಚ್ಚು.

2024ರ ಅಕ್ಟೋಬರಿನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಮುಳುಗಿತು, ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳು ದೋಣಿ ಹತ್ತಿದರು. 2025ರ ಮೇ 19ರ ಬೆಳಗಿನವರೆಗಿನ ಒಂದು ದಿನದಲ್ಲಿ 105.5 ಮಿಲಿಮೀಟರ್. ಸಿಲ್ಕ್ ಬೋರ್ಡ್ ಬಳಿ ನೀರು ನಿಂತು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರ ದಾರಿ ಕಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಮಡಿವಾಳದಲ್ಲಿ ಕೋಡಿ ಬಿದ್ದ ನೀರು ವರ್ತೂರು ಮುಟ್ಟುವ ಹೊತ್ತಿಗೆ ಈಗ ಪಾಲಿಕೆಯೇ ಬದಲಾಗಿರುತ್ತದೆ.

ಈ ಭಾಗದಲ್ಲಿ ಮನೆಯನ್ನೋ ಸೈಟನ್ನೋ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಒಂದು ಭಾನುವಾರ ಖರ್ಚು ಮಾಡಬೇಕು. ಕಂದಾಯ ಇಲಾಖೆಯ ಗ್ರಾಮನಕ್ಷೆ ತೆಗೆಸಿ, ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ. ಆಮೇಲೆ ಆ ಹಳ್ಳಿಯ ಹಳೆಯ ಬೀದಿಗೆ ಹೋಗಿ, ಜಗುಲಿಯ ಮೇಲೆ ಕೂತ ಹಿರಿಯರನ್ನು ಕಂಡು, ಬೆಲೆ ಎಷ್ಟು, ಮೆಟ್ರೊ ಎಲ್ಲಿ ಎಂದು ಕೇಳುವ ಮುಂಚೆ ಇದೊಂದನ್ನು ಕೇಳಿ: ‘ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿ ಹಾದು ಹೋಗುತ್ತಿತ್ತು?’